ವಾರದ ನಡುವೆ ಒಂದು ದಿನದ ತಂಡ ಸವಾರಿ: ದಾವಣಗೆರೆಯಿಂದ ಸಂತೇಬೆನ್ನೂರು, ಚನ್ನಗಿರಿ, ಹೊಳಲ್ಕೆರೆ, ಚಿತ್ರದುರ್ಗ ಸುತ್ತಿ ಬರುವ ಬಗೆ

ದಾವಣಗೆರೆಯಲ್ಲಿ ಭಾನುವಾರ ಬಿಡುವಿಲ್ಲದವರು ಬಹಳ ಮಂದಿ ಇದ್ದಾರೆ. ಕ್ಷೌರದಂಗಡಿಯವರಿಗೆ ಮಂಗಳವಾರ ರಜೆ. ಆಸ್ಪತ್ರೆಯಲ್ಲಿ ಪಾಳಿ ಮೇಲೆ ಕೆಲಸ ಮಾಡುವವರು ತಿಂಗಳ ಪಟ್ಟಿ ನೋಡಿಯೇ ತಮ್ಮ ರಜೆ ಯಾವತ್ತು ಎಂದು ತಿಳಿದುಕೊಳ್ಳಬೇಕು. ಹೋಟೆಲಿನವರಿಗೆ ಭಾನುವಾರವೇ ಹೆಚ್ಚು ದುಡಿಮೆ, ನಿವೃತ್ತರಿಗೆ ವಾರದ ಏಳು ದಿನವೂ ಒಂದೇ. ಇಂಥ ಏಳು ಜನ ಸೇರಿ ನಾವು ಕೆಲವು ವರ್ಷಗಳಿಂದ ವಾರದ ನಡುವಿನ ಒಂದು ದಿನ ಬೈಕಿನಲ್ಲಿ ಸುತ್ತಮುತ್ತಲಿನ ತಾಲೂಕು ಊರುಗಳನ್ನು ಸುತ್ತಿ ಬರುತ್ತಿದ್ದೇವೆ. ಆ ಅನುಭವದಲ್ಲಿ ಕಲಿತದ್ದನ್ನು, ಹೊಸದಾಗಿ ತಂಡ ಕಟ್ಟಿಕೊಂಡು ಹೊರಡುವವರಿಗೆ ಉಪಯೋಗವಾಗಲೆಂದು, ನಾವೇ ಹಲವು ಬಾರಿ ಸುತ್ತಿದ ಒಂದು ದಾರಿಯನ್ನು ಮುಂದಿಟ್ಟುಕೊಂಡು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಆರಂಭದಲ್ಲೇ ಒಂದು ಮಾತು ಹೇಳಬೇಕು. ತಂಡದ ಸವಾರಿಯ ಯೋಜನೆಯನ್ನು ಕೊನೆಯ ಬೈಕಿನಿಂದ ಶುರು ಮಾಡಬೇಕು. ಎಷ್ಟು ವೇಗ, ಎಷ್ಟು ದೂರ, ಎಲ್ಲಿ ಪೆಟ್ರೋಲ್, ಎಲ್ಲಿ ಚಹಾ ಎಂಬ ಪ್ರತಿಯೊಂದು ಪ್ರಶ್ನೆಗೂ ಸಾಲಿನ ಕಟ್ಟಕಡೆಯಲ್ಲಿ ಬರುತ್ತಿರುವವರ ದೃಷ್ಟಿಯಿಂದ ಉತ್ತರ ಹುಡುಕಿದರೆ ದಿನ ಸುಸೂತ್ರವಾಗಿ ಸಾಗುತ್ತದೆ. ಮುಂದಿರುವವರ ಹುಮ್ಮಸ್ಸಿನಿಂದ ಉತ್ತರ ಹುಡುಕಿದರೆ ಎಲ್ಲೋ ಒಂದು ಕಡೆ ಎಡವಟ್ಟಾಗುತ್ತದೆ. ಕೆಳಗೆ ಬರುವ ಸೂಚನೆಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

ಮೊದಲ ಹಂತ: ದಿನ ಮತ್ತು ಕಾಲ

ವಾರದ ನಡುವೆ ಹೋಗುವುದರಿಂದ ಲಾಭಗಳಿವೆ. ನೋಡುವ ಜಾಗಗಳಲ್ಲಿ ಜನಜಂಗುಳಿ ಇರುವುದಿಲ್ಲ, ಗ್ಯಾರೇಜು, ಪಂಕ್ಚರ್ ಅಂಗಡಿ, ಬಿಡಿಭಾಗದ ಅಂಗಡಿ ಎಲ್ಲವೂ ತೆರೆದಿರುತ್ತವೆ, ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಸಿಗುತ್ತಾರೆ. ಆದರೆ ಅಂದು ಊರು ತನ್ನ ದುಡಿಮೆಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಮತ್ತು ಸಂಜೆ ನಾಲ್ಕರಿಂದ ಐದರವರೆಗೆ ಪ್ರತಿ ಹಳ್ಳಿಯ ಮುಂದೆಯೂ ಶಾಲಾ ಮಕ್ಕಳು ಗುಂಪುಗುಂಪಾಗಿ ರಸ್ತೆಯ ಅಂಚಿನಲ್ಲಿ ನಡೆಯುತ್ತಿರುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ತಾಲೂಕು ಕಚೇರಿ, ಬ್ಯಾಂಕು, ಎಪಿಎಂಸಿ ಕಡೆಗೆ ಹೋಗುವವರಿಂದ ಊರಿನ ಮುಖ್ಯ ವೃತ್ತ ತುಂಬಿರುತ್ತದೆ. ದಿನ ಗೊತ್ತುಮಾಡುವ ಮೊದಲು ದಾರಿಯ ಊರುಗಳಲ್ಲಿ ಸಂತೆ ಯಾವ ವಾರ ಎಂದು ಆ ಕಡೆಯ ಪರಿಚಯದವರನ್ನು ಕೇಳಿಕೊಳ್ಳಿ. ಸಂತೆಯ ದಿನ ಏಳು ಬೈಕು ನಿಲ್ಲಿಸಲು ಜಾಗ ಸಿಗುವುದಿಲ್ಲ. ಸಂತೆ ನೋಡಲೆಂದೇ ಹೋಗುವುದಾದರೆ ಒಂದು ಗಂಟೆಯನ್ನು ಅದಕ್ಕಾಗಿ ಎತ್ತಿಡಿ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಕಾಲ ಈ ದಾರಿಗೆ ಹಿತವಾದುದು. ಏಪ್ರಿಲ್, ಮೇ ತಿಂಗಳಲ್ಲಿ ಚಿತ್ರದುರ್ಗದ ಬಂಡೆಗುಡ್ಡಗಳ ನಡುವೆ ಮಧ್ಯಾಹ್ನದ ಬಿಸಿಲು ಹೆಲ್ಮೆಟ್ಟಿನೊಳಗೆ ತಲೆಯನ್ನೇ ಬೇಯಿಸುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಅದೇ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಮುಂಗಾರಿನ ಗಾಳಿ ಬಯಲಿನಲ್ಲಿ ಹಗುರ ಬೈಕುಗಳನ್ನು ಪಕ್ಕಕ್ಕೆ ನೂಕುತ್ತದೆ. ಆದರೆ ನಾನು ಹಿತವೆಂದ ಆ ತಿಂಗಳುಗಳೇ ಸುಗ್ಗಿಯ ತಿಂಗಳುಗಳೂ ಹೌದು. ಅದರ ವಿಷಯವನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ಎರಡನೆಯ ಹಂತ: ಜನ, ಬೈಕು, ಕಾಗದಪತ್ರ

ಐದರಿಂದ ಎಂಟು ಬೈಕು ಸಾಕು. ಒಂಬತ್ತನೆಯವರು ಬಂದರೆ ತಂಡವನ್ನು ಎರಡಾಗಿ ಒಡೆದು, ಹದಿನೈದು ನಿಮಿಷದ ಅಂತರದಲ್ಲಿ ಕಳುಹಿಸಿ, ತಿಂಡಿಗೂ ಊಟಕ್ಕೂ ಒಟ್ಟಿಗೆ ಸೇರಿಸಿ. ದೊಡ್ಡ ತಂಡವೆಂದರೆ ದೊಡ್ಡ ಸಂಭ್ರಮವೆಂದು ಅನ್ನಿಸುವುದು ಹೊರಡುವ ತನಕ ಮಾತ್ರ. ದಾರಿಯ ಮೇಲೆ ಅದು ಬಸ್ಸಿನವರಿಗೂ ಹಳ್ಳಿಯವರಿಗೂ ತೊಂದರೆ.

ಬೈಕು ಯಾವುದಾದರೂ ಆಗಬಹುದು. ನಮ್ಮಲ್ಲಿ 100 ಸಿ.ಸಿ.ಯ ಸ್ಪ್ಲೆಂಡರ್ ಇದೆ, 350 ಸಿ.ಸಿ.ಯ ಬುಲೆಟ್ ಇದೆ, ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿಯೂ ಒಂದಿದೆ. ಸ್ಪ್ಲೆಂಡರ್ ಇಡೀ ದಿನ ಸಲೀಸಾಗಿ, ಎಂಜಿನ್ನನ್ನು ಹಿಂಸಿಸದೆ ಓಡಬಲ್ಲ ವೇಗ 55ರಿಂದ 60 ಕಿ.ಮೀ. ಹಾಗಾಗಿ ಅದೇ ತಂಡದ ವೇಗ. ಪೆಟ್ರೋಲಿನ ಲೆಕ್ಕ ಮಾತ್ರ ತಿರುವುಮುರುವಾಗುತ್ತದೆ. ನಮ್ಮ ದಾರಿ ಸುಮಾರು 200 ಕಿ.ಮೀ.; ಲೀಟರಿಗೆ 60 ಕೊಡುವ ಸ್ಪ್ಲೆಂಡರಿಗೆ ಮೂರೂವರೆ ಲೀಟರ್ ಸಾಕಾದರೆ, 35 ಕೊಡುವ ಬುಲೆಟ್ಟಿಗೆ ಆರು ಲೀಟರ್ ಹತ್ತಿರ ಬೇಕು. ಎಲ್ಲರೂ ಹಿಂದಿನ ರಾತ್ರಿಯೇ ಟ್ಯಾಂಕ್ ತುಂಬಿಸಿಕೊಂಡರೆ ದಾರಿಯಲ್ಲಿ ಬಂಕಿಗೆ ತಿರುಗುವ ಪ್ರಮೇಯವೇ ಇರುವುದಿಲ್ಲ. ಯೆಜ್ಡಿಯಂಥ ಎರಡು ಸ್ಟ್ರೋಕಿನ ಬೈಕಿನವರು ಪೆಟ್ರೋಲಿಗೆ ಬೆರೆಸುವ ತಮ್ಮ ಆಯಿಲ್ಲನ್ನು ಬಾಟಲಿಯಲ್ಲಿ ಜೊತೆಗೆ ತರಬೇಕು.

ಚಾಲನಾ ಪರವಾನಗಿ, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ ಇವು ನಾಲ್ಕೂ ಚಾಲ್ತಿಯಲ್ಲಿರಬೇಕು, ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ಐಎಸ್‌ಐ ಗುರುತಿನ, ಗಲ್ಲದ ಪಟ್ಟಿ ಬಿಗಿಯಾಗಿ ಕೂಡುವ ಹೆಲ್ಮೆಟ್ ಸವಾರರಿಗೂ ಹಿಂದೆ ಕೂರುವವರಿಗೂ ಕಾನೂನಿನಂತೆ ಕಡ್ಡಾಯ. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದ ಮೊದಲ ಏಟಿಗೇ ತಲೆಯಿಂದ ಹಾರಿಹೋಗುತ್ತದೆ. ನಮ್ಮ ತಂಡದಲ್ಲಿ ಪಟ್ಟಿಯ ಬಕಲ್ ಕೆಟ್ಟವರು ಆ ದಿನ ಬರುವುದಿಲ್ಲ, ಈ ನಿಯಮಕ್ಕೆ ವಿನಾಯಿತಿ ಇಲ್ಲ. ಚಪ್ಪಲಿ ಬೇಡ, ಹಿಮ್ಮಡಿ ಮುಚ್ಚುವ ಶೂ ಇರಲಿ. ಸೀರೆ, ದುಪಟ್ಟಾ, ಪಂಚೆಯ ತುದಿ ಚೈನಿಗೋ ಚಕ್ರಕ್ಕೋ ಸಿಕ್ಕದಂತೆ ಕಟ್ಟಿಕೊಳ್ಳಬೇಕು.

ಮೂರನೆಯ ಹಂತ: ದಾರಿ ಮತ್ತು ಅದರ ದಿಕ್ಕು

ದಾವಣಗೆರೆಯಿಂದ ದಕ್ಷಿಣಕ್ಕೆ ಇಳಿದು ಸಂತೇಬೆನ್ನೂರು, ಅಲ್ಲಿಂದ ಸೂಳೆಕೆರೆ, ಚನ್ನಗಿರಿ, ಅಲ್ಲಿಂದ ಪೂರ್ವಕ್ಕೆ ಹೊಳಲ್ಕೆರೆ, ಅಲ್ಲಿಂದ ಚಿತ್ರದುರ್ಗ, ಕೊನೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಭರಮಸಾಗರದ ಮೇಲೆ ವಾಪಸು ದಾವಣಗೆರೆ. ಒಳರಸ್ತೆಯ ಪಾಲು ಸುಮಾರು 140 ಕಿ.ಮೀ., ಹೆದ್ದಾರಿಯ ಪಾಲು 60 ಕಿ.ಮೀ. ಆಸುಪಾಸು. ಒಳರಸ್ತೆಯಲ್ಲಿ ಹಂಪು, ತಿರುವು, ದನಕರು, ಊರು ಎಲ್ಲ ಸೇರಿ ಗಂಟೆಗೆ 35 ಕಿ.ಮೀ.ಗಿಂತ ಹೆಚ್ಚಿನ ಸರಾಸರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಾಗೆ ನೋಡಿದರೆ ಒಳರಸ್ತೆಗೆ ನಾಲ್ಕು ಗಂಟೆ, ಹೆದ್ದಾರಿಗೆ ಒಂದು ಗಂಟೆ ಚಿಲ್ಲರೆ. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಐದೂವರೆಯೊಳಗೆ ಮನೆ ಸೇರಲು ಐದು ಗಂಟೆಯ ಬಿಡುವು ಕೈಯಲ್ಲಿ ಉಳಿಯುತ್ತದೆ.

ಇದೇ ಸುತ್ತನ್ನು ಉಲ್ಟಾ ತಿರುಗಿಸಬಾರದೇ ಎಂದು ಹೊಸಬರು ಕೇಳುತ್ತಾರೆ. ನಾವೂ ಒಮ್ಮೆ ಹಾಗೆ ಹೋಗಿ ನೋಡಿದೆವು. ಚಳಿಗಾಲದ ಬೆಳಗಿನಲ್ಲಿ ಚಿತ್ರದುರ್ಗದ ಕಡೆ ಆಗ್ನೇಯಕ್ಕೆ ಮುಖ ಮಾಡಿ ಹೋಗುವಾಗ ಎಳೆಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಬ್ಬುಗತ್ತಲಲ್ಲಿ ಚನ್ನಗಿರಿಯಿಂದ ದಾವಣಗೆರೆಯ ಒಳರಸ್ತೆ ಸಿಗುತ್ತದೆ. ಭದ್ರಾ ನಾಲೆಯ ನೀರು ಹರಿಯುವ ಈ ಸೀಮೆಯಲ್ಲಿ ಭತ್ತ, ಕಬ್ಬು, ಹುಲ್ಲು ತುಂಬಿಕೊಂಡು ಹಿಂದೀಪವಿಲ್ಲದೆ ಹೋಗುವ ಟ್ರ್ಯಾಕ್ಟರ್ ಟ್ರೇಲರುಗಳು ಕತ್ತಲಲ್ಲಿ ತೀರ ಹತ್ತಿರ ಹೋಗುವ ತನಕ ಕಾಣುವುದೇ ಇಲ್ಲ. ದಣಿದ ಹೊತ್ತಿಗೆ ನಡುವೆ ವಿಭಜಕವಿರುವ ಅಗಲ ರಸ್ತೆ ಸಿಗಬೇಕು, ಕಣ್ಣು ಚುರುಕಾಗಿರುವ ಬೆಳಿಗ್ಗೆ ಒಳರಸ್ತೆ ಸಿಗಬೇಕು. ಈ ದಿಕ್ಕಿಗೂ ಒಂದು ಕೊರತೆಯಿದೆ. ಚಿತ್ರದುರ್ಗದಿಂದ ದಾವಣಗೆರೆ ವಾಯವ್ಯಕ್ಕಿರುವುದರಿಂದ ಬೇಸಿಗೆಯ ಸಂಜೆ ಸೂರ್ಯ ಹೆಚ್ಚುಕಡಿಮೆ ಎದುರಿಗೇ ಇಳಿಯುತ್ತಾನೆ. ಅದಕ್ಕೇ ಚಿತ್ರದುರ್ಗವನ್ನು ನಾಲ್ಕು ಗಂಟೆಗೆ ಬಿಡಬೇಕು. ನಾಲ್ಕೂವರೆಯಾದರೂ ನಾವು ಅದನ್ನು ತಡವೆಂದೇ ಎಣಿಸುತ್ತೇವೆ.

ನಾಲ್ಕನೆಯ ಹಂತ: ಹಿಂದಿನ ಸಂಜೆ ಬೈಕು ನೋಡಿಕೊಳ್ಳುವುದು

ಇದನ್ನು ಹೊರಡುವ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ. ಸಂಜೆ ನೋಡಿದರೆ ಸಿಕ್ಕ ದೋಷವನ್ನು ಗ್ಯಾರೇಜು ಮುಚ್ಚುವ ಮೊದಲು ಸರಿಮಾಡಿಸಬಹುದು.

ಚೈನಿನಿಂದ ಆರಂಭಿಸಿ. ಬೈಕನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರು ನ್ಯೂಟ್ರಲ್ಲಿಗೆ ತಂದು, ಎಂಜಿನ್ ಆರಿಸಿದ ಮೇಲೆ ಎರಡು ಸ್ಪ್ರಾಕೆಟ್ಟುಗಳ (ಚೈನು ಸುತ್ತುವ ಹಲ್ಲಿನ ಗಾಲಿಗಳ) ಮಧ್ಯದಲ್ಲಿ ಕೆಳಗಿನ ಚೈನನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ ನೋಡಿ. ಹೆಚ್ಚಿನ ಬೈಕುಗಳಲ್ಲಿ ಆ ಆಟ 20ರಿಂದ 30 ಮಿ.ಮೀ. ಇರಬೇಕು, ಖಚಿತ ಅಳತೆ ನಿಮ್ಮ ಬೈಕಿನ ಪುಸ್ತಕದಲ್ಲೋ ಚೈನಿನ ಹತ್ತಿರದ ಚೀಟಿಯಲ್ಲೋ ಇರುತ್ತದೆ. ಒಂದೇ ಕಡೆ ನೋಡಿ ಬಿಡಬೇಡಿ. ಹಿಂದಿನ ಚಕ್ರವನ್ನು ಕೈಯಿಂದ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ, ಹೀಗೆ ನಾಲ್ಕು ಕಡೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಎಂದಾದರೆ ಚೈನು ಒಂದೇ ಸಮ ಸವೆದಿಲ್ಲ ಎಂದರ್ಥ. ಬಿಗಿ ಮಾಡಿದರೆ ಅದು ಸರಿಹೋಗುವುದಿಲ್ಲ, ಮೆಕ್ಯಾನಿಕ್ಕಿಗೆ ತೋರಿಸಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡಾಗ ಚೈನು ಇನ್ನಷ್ಟು ಬಿಗಿಯಾಗುತ್ತದೆ ಎಂಬುದು ನೆನಪಿರಲಿ. ಪೂರ್ತಿ ಬಿಗಿದ ಚೈನು ಸಡಿಲ ಚೈನಿಗಿಂತ ಅಪಾಯ.

ಟೈರಿನ ಗಾಳಿಯನ್ನು ಟೈರು ತಣ್ಣಗಿರುವಾಗ ಅಳೆಯಬೇಕು. ಇಬ್ಬರು ಕೂರುವ ಬೈಕಿಗೆ ಹಿಂದಿನ ಟೈರಿನ ಒತ್ತಡ ಹೆಚ್ಚು ಬೇಕು. ಸವೆದ ಗುರುತು ಕಾಣಿಸಿದ ಟೈರನ್ನು ಇನ್ನೊಂದು ಸವಾರಿಗೆ ದೂಡಬೇಡಿ. ಉಳಿದಂತೆ ಎರಡೂ ಬ್ರೇಕು, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್ಲಿನ ತುದಿಯ ಎಳೆಗಳು, ಬ್ರೇಕ್ ಹಿಡಿದಾಗ ಉರಿಯುವ ಹಿಂದೀಪ, ನಾಲ್ಕು ಇಂಡಿಕೇಟರ್, ಹಾರ್ನು, ಎಂಜಿನ್ ಆಯಿಲ್ಲಿನ ಮಟ್ಟ ಇಷ್ಟನ್ನು ನೋಡಿಬಿಡಿ.

ಸಾಮಾನಿನ ಚೀಲ ಇಡೀ ತಂಡಕ್ಕೆ ಒಂದೇ ಸಾಕು, ಅದು ಕೊನೆಯ ಸವಾರರ ಹತ್ತಿರವೇ ಇರಬೇಕು. ಕೆಟ್ಟ ಬೈಕಿನ ಬಳಿ ತಲುಪುವವರು ಅವರೇ ಆದ್ದರಿಂದ ಮುಂದಿನವರ ಹತ್ತಿರ ಇರುವ ಸ್ಪ್ಯಾನರ್ ಉಪಯೋಗಕ್ಕೆ ಬರುವುದಿಲ್ಲ. ಕ್ಲಚ್ ಕೇಬಲ್, ಸ್ಪಾರ್ಕ್ ಪ್ಲಗ್ ಮತ್ತು ಅದರ ಪಾನಾ, ಸ್ಪ್ಯಾನರುಗಳು, ಫ್ಯೂಸು, ಟ್ಯೂಬ್‌ಲೆಸ್ ಪಂಕ್ಚರಿನ ಸಾಮಾನು, ಕಡ್ಡಿ ಚಕ್ರದ ಬೈಕಿಗೆ ಒಂದು ಟ್ಯೂಬು, ಕಾಲಿನಿಂದ ತುಳಿಯುವ ಪಂಪು, ಇನ್ಸುಲೇಷನ್ ಟೇಪು, ಒಂದು ಹರಿತವಾದ ಚಾಕು ಅದರಲ್ಲಿರಲಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇನ್ನೊಬ್ಬರ ಬಳಿ ಇರಲಿ. ಕುಡಿಯುವ ನೀರು ತಲೆಗೆ ಎರಡು ಲೀಟರ್.

ಐದನೆಯ ಹಂತ: ಹೊರಡುವ ಮುನ್ನ ಹತ್ತು ನಿಮಿಷದ ಮಾತು

ನಗರದ ದಕ್ಷಿಣ ಅಂಚಿನಲ್ಲಿ, ಬೈಕುಗಳನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಬಹುದಾದ ಜಾಗದಲ್ಲಿ ಆರೂಮುಕ್ಕಾಲಿಗೆ ಸೇರಿ. ಸ್ಥಾನಗಳನ್ನು ಅಲ್ಲಿಯೇ ಹಂಚಿ. ದಾರಿ ಬಲ್ಲವರು, ಕನ್ನಡಿ ನೋಡುವ ಅಭ್ಯಾಸ ಇರುವವರು ಮುಂದೆ. ಅವರ ಬೆನ್ನಿಗೇ, ಎರಡನೆಯ ಸ್ಥಾನದಲ್ಲಿ, ಎಲ್ಲರಿಗಿಂತ ಹೊಸಬರು ಅಥವಾ ಎಲ್ಲಕ್ಕಿಂತ ಸಣ್ಣ ಬೈಕು. ಕಟ್ಟಕಡೆಯಲ್ಲಿ ತಂಡದ ಅತ್ಯಂತ ನುರಿತ ಸವಾರರು. ಹೊಸಬರನ್ನು ಹಿಂದೆ ಹಾಕುವ ತಪ್ಪನ್ನು ಬಹುತೇಕ ತಂಡಗಳು ಮಾಡುತ್ತವೆ. ಸಾಲು ರಬ್ಬರಿನಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಹಂಪು ದಾಟಿದ ಮುಂದಿನ ಬೈಕು 60ಕ್ಕೆ ಏರಿದಾಗ ಕೊನೆಯ ಬೈಕು ಇನ್ನೂ ಹಂಪಿನ ಹಿಂದೆಯೇ ಇರುತ್ತದೆ. ಆ ಅಂತರ ತುಂಬಲು ಅದು 75, 80ರಲ್ಲಿ ಓಡಬೇಕಾಗುತ್ತದೆ. ಹೊಸಬರು ಕೊನೆಯಲ್ಲಿದ್ದರೆ ದಿನವಿಡೀ ತಮ್ಮ ಅಳವಿಗೆ ಮೀರಿದ ವೇಗದಲ್ಲಿ ಬೆನ್ನಟ್ಟುತ್ತಿರಬೇಕು.

ತಿರುವುಗಳಿಗೆ ನಾವು ಪಾಲಿಸುವ ಕ್ರಮವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅದನ್ನು ನಾವು ಕಲಿತದ್ದು ಒಂದು ತಪ್ಪಿನಿಂದ. ಮೊದಲ ವರ್ಷ ಚನ್ನಗಿರಿಯಲ್ಲಿ ಚಹಾ ಕುಡಿದು ಹೊರಟ ಮೇಲೆ ನಮ್ಮಲ್ಲೊಬ್ಬರು ಶಿವಮೊಗ್ಗದ ದಾರಿ ಹಿಡಿದು 14 ಕಿ.ಮೀ. ಹೋಗಿಬಿಟ್ಟಿದ್ದರು. ನಾವು ಹೊಳಲ್ಕೆರೆಯ ದಾರಿಯಲ್ಲಿ ಬಿಸಿಲಿಗೆ ನಿಂತು, ಅವರ ಫೋನು ರಿಂಗಾಗಿ ಎತ್ತದೆ ಇದ್ದಾಗಲೆಲ್ಲ ಬಿದ್ದಿರಬಹುದೆಂದು ಹೆದರುತ್ತ ಮುಕ್ಕಾಲು ಗಂಟೆ ಕಳೆದೆವು. ಅಂದಿನಿಂದ, ತಂಡ ತಿರುಗಬೇಕಾದ ಪ್ರತಿ ಕವಲಿನಲ್ಲೂ ಆ ಹೊತ್ತಿಗೆ ಮೂರನೆಯ ಸ್ಥಾನದಲ್ಲಿರುವವರು ರಸ್ತೆಯ ಅಂಚಿನಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲುತ್ತಾರೆ, ಹೋಗಬೇಕಾದ ಕಡೆಗೆ ಕೈ ತೋರಿಸುತ್ತಾರೆ. ಕೊನೆಯ ಸವಾರರು ಕಣ್ಣಿಗೆ ಬಿದ್ದ ಮೇಲೆ ಹೊರಟು ಅವರ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ಕವಲಿಗೆ ಈಗ ಮೂರನೆಯವರಾದವರ ಸರದಿ. ನಿಂತವರು ಕೊನೆಯವರು ಬರುವ ತನಕ ಯಾವ ಕಾರಣಕ್ಕೂ ಜಾಗ ಬಿಡಬಾರದು, ಇದೊಂದೇ ಷರತ್ತು. ಫೋನಿನ ನಕ್ಷೆ ಎಲ್ಲರ ಬಳಿಯೂ ಇದ್ದರೂ ಈ ಕ್ರಮವನ್ನು ನಾವು ಬಿಟ್ಟಿಲ್ಲ, ಓಡುವ ಬೈಕಿನ ಮೇಲೆ ಫೋನು ನೋಡುವುದೇ ಒಂದು ಅಪಾಯವಾದ್ದರಿಂದ.

ಕೈಸನ್ನೆಗಳು ನಾಲ್ಕು ಸಾಕು. ಎಡಗೈ ಅಂಗೈ ಕೆಳಮುಖವಾಗಿ ಮೇಲಿಂದ ಕೆಳಗೆ ಆಡಿಸಿದರೆ ನಿಧಾನ. ಎಡಗೈ ನೆಟ್ಟಗೆ ಮೇಲೆತ್ತಿ ತೋರುಬೆರಳೊಂದನ್ನೇ ತೋರಿಸಿದರೆ ಒಂದೇ ಸಾಲು. ಎಡಗಾಲನ್ನು ಚಾಚಿದರೆ ಎಡಗಡೆ ಗುಂಡಿ ಅಥವಾ ಕಲ್ಲು, ಬಲಗಾಲನ್ನು ಚಾಚಿದರೆ ಬಲಗಡೆ. ಪೆಟ್ರೋಲ್ ಟ್ಯಾಂಕನ್ನು ಬೆರಳಿನಿಂದ ತೋರಿಸಿದರೆ ನಿಲ್ಲಬೇಕಾಗಿದೆ ಎಂದರ್ಥ, ಕಾರಣ ಏನೇ ಇರಲಿ. ಕಂಡ ಸನ್ನೆಯನ್ನು ಪ್ರತಿಯೊಬ್ಬರೂ ಹಿಂದಿನವರಿಗೆ ದಾಟಿಸಬೇಕು.

ಆರನೆಯ ಹಂತ: ರಸ್ತೆಯ ಮೇಲೆ

ಮುಂದಿನ ಬೈಕು ಒಂದು ಮರವನ್ನೋ ಮೈಲಿಗಲ್ಲನ್ನೋ ದಾಟಿದ ಮೇಲೆ ಕನಿಷ್ಠ ಎರಡು ಸೆಕೆಂಡು ಕಳೆದು ನೀವು ಅದನ್ನು ದಾಟಬೇಕು. 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡೆಂದರೆ 33 ಮೀಟರ್. ಏಳು ಬೈಕಿನ ಸಾಲು ಹೀಗೆ 200 ಮೀಟರ್ ಉದ್ದವಾಗುತ್ತದೆ, ಅಷ್ಟನ್ನೂ ಒಂದೇ ಉಸಿರಿಗೆ ಹಿಂದಿಕ್ಕಲು ಬಸ್ಸಿನವರಿಂದ ಒಳರಸ್ತೆಯಲ್ಲಿ ಸಾಧ್ಯವಿಲ್ಲ. ಆದ್ದರಿಂದ ಮೂರನೆಯ ಮತ್ತು ನಾಲ್ಕನೆಯ ಬೈಕಿನ ನಡುವೆ ಒಂದು ಬಸ್ಸು ನುಸುಳಿ ನಿಲ್ಲುವಷ್ಟು ಜಾಗ ಬಿಡಿ. ಒಳರಸ್ತೆಯಲ್ಲಿ ಒಂದೇ ಸಾಲು. ಇಬ್ಬರು ಅಕ್ಕಪಕ್ಕ ಮಾತಾಡುತ್ತ ಹೋಗುವುದು ಎಲ್ಲಿಯೂ ಬೇಡ. ಪ್ರತಿಯೊಬ್ಬರೂ ತಮ್ಮ ಕನ್ನಡಿಯಲ್ಲಿ ಹಿಂದಿನವರೊಬ್ಬರನ್ನು ನೋಡಿಕೊಂಡರೆ ಸಾಕು. ಅವರು ಕಾಣದಾದರೆ ವೇಗ ಇಳಿಸಿ. ನೀವು ಇಳಿಸಿದರೆ ನಿಮ್ಮ ಮುಂದಿನವರು ಇಳಿಸುತ್ತಾರೆ, ಹಾಗೆ ಸುದ್ದಿ ಮಾತಿಲ್ಲದೆ ಮುಂದಾಳುವಿನವರೆಗೆ ತಲುಪುತ್ತದೆ.

ವಾಹನ ಹಿಂದಿಕ್ಕುವುದು ಪ್ರತಿಯೊಬ್ಬರ ಸ್ವಂತ ತೀರ್ಮಾನ. ಮುಂದಿನವರು ದಾಟಿದರೆಂದು ನೀವು ದಾಟಬೇಡಿ. ಅವರಿಗೆ ಖಾಲಿಯಿದ್ದ ರಸ್ತೆ ಎರಡು ಸೆಕೆಂಡಿನ ನಂತರ ನಿಮಗೆ ಖಾಲಿ ಇರಬೇಕೆಂದೇನಿಲ್ಲ.

ಇನ್ನು ಒಕ್ಕಣೆಯ ವಿಷಯ. ನವೆಂಬರಿನಿಂದ ಜನವರಿಯವರೆಗೆ ಈ ಒಳರಸ್ತೆಗಳ ಮೇಲೆ ರಾಗಿ, ಹುರುಳಿ ಮೊದಲಾದುವನ್ನು ಬುಡ ಸಮೇತ ಹರಡಿ, ಹೋಗಿಬರುವ ವಾಹನಗಳ ಚಕ್ರದಿಂದ ಕಾಳು ಬಿಡಿಸುತ್ತಾರೆ. ಮೆಕ್ಕೆಜೋಳವನ್ನು ಅರ್ಧ ರಸ್ತೆಗೆ ಒಣಹಾಕಿ ಅಂಚಿಗೆ ಕಲ್ಲಿಟ್ಟಿರುತ್ತಾರೆ. ಕಣ ಮಾಡಲು ಜಾಗವಿಲ್ಲದ, ಕೂಲಿಯಾಳು ಸಿಗದ ಸಣ್ಣ ರೈತರ ಅನಿವಾರ್ಯ ಇದು. ಬೈಕಿಗೆ ಮಾತ್ರ ಇದು ಮೂರು ಬಗೆಯಲ್ಲಿ ಅಪಾಯಕಾರಿ. ಒಣಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಕಾಳಿನ ಮೇಲೆ ಬೈಕು ಗೋಲಿಯ ಮೇಲೆ ನಿಂತಂತೆ ಆಗುತ್ತದೆ. ಉದ್ದನೆಯ ಬಳ್ಳಿ ಚಕ್ರದ ಇರುಸಿಗೆ ಸುತ್ತಿಕೊಳ್ಳುತ್ತದೆ. ಆ ರಾಶಿ ಕಂಡಾಗ, ಅದರ ಮೇಲೆ ಹತ್ತುವ ಮೊದಲೇ ವೇಗವನ್ನು 20ಕ್ಕೆ ಇಳಿಸಿ, ಎರಡನೆಯ ಗೇರಿನಲ್ಲಿ, ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟಿ. ಪಕ್ಕದಲ್ಲಿ ಬರಿ ರಸ್ತೆ ಇದ್ದರೆ ಅದನ್ನೇ ಹಿಡಿಯಿರಿ.

ಒಂದು ಜನವರಿಯಲ್ಲಿ ಹೊಳಲ್ಕೆರೆ ಇನ್ನೂ ಕೆಲವು ಮೈಲಿ ಇರುವಾಗ ನಾನೇ ಇದರಲ್ಲಿ ಸಿಕ್ಕಿಕೊಂಡೆ. ಹುರುಳಿ ಬಳ್ಳಿಯ ಮೇಲೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೈಕು ಹಿಂದಿನಿಂದ ಯಾರೋ ಹಿಡಿದೆಳೆದಂತೆ ಭಾರವಾಯಿತು, ಸುಟ್ಟ ಹುಲ್ಲಿನ ವಾಸನೆ ಬಂತು. ನಿಲ್ಲಿಸಿ ಬಗ್ಗಿ ನೋಡಿದರೆ ಹಿಂದಿನ ಹಬ್ಬಿಗೂ ಫೋರ್ಕಿಗೂ ನಡುವೆ ಬಳ್ಳಿ ಹುರಿ ಹೊಸೆದ ಹಗ್ಗದಂತೆ ಬಿಗಿದು ಸುತ್ತಿಕೊಂಡಿತ್ತು, ಸೈಲೆನ್ಸರಿಗೆ ತಾಗಿದ ಒಂದು ಎಳೆ ಕಪ್ಪಾಗಿ ಹೊಗೆಯಾಡುತ್ತಿತ್ತು. ಬೆರಳಿಗೆ ಜಗ್ಗದ ಅದನ್ನು ಎಳೆಯುತ್ತ ಕೂತಿದ್ದಾಗ ಹುರುಳಿ ತಿರುವುತ್ತಿದ್ದ ಹಿರಿಯ ಹೆಂಗಸು ಹತ್ತಿರ ಬಂದು ತಮ್ಮ ಕುಡುಗೋಲನ್ನು ನೀಡಿ, “ಇದ್ರಾಗೆ ಕೊಯ್ಯಪ್ಪ, ಕೈಯಾಗೆ ಎಳುದ್ರೆ ಬರಲ್ಲ” ಎಂದರು. “ತಪ್ಪು ತಿಳೀಬೇಡಿ ಅಮ್ಮಾ, ನಿಮ್ಮ ಕಾಳು ಸಿಡಿಸಿಬಿಟ್ಟೆ” ಎಂದೆ. “ತುಳೀಲಿ ಅಂತ್ಲೇ ಹಾಕಿರಾದಪ್ಪ, ನಿಧಾನಕ್ಕೆ ತುಳುದ್ರೆ ಆತು” ಎಂದರು ಅವರು. ಚಾಕು ಚೀಲದಲ್ಲಿರಬೇಕೆಂದು ಮೇಲೆ ಬರೆದದ್ದು ಇದಕ್ಕೇ. ಬಳ್ಳಿ ದಾಟಿದ ಮೇಲೆ ಮುಂದಿನ ನಿಲುಗಡೆಯಲ್ಲಿ ಎಲ್ಲರೂ ಎರಡೂ ಚಕ್ರದ ಇರುಸು ನೋಡಿಕೊಳ್ಳಬೇಕು. ಒಣಹುಲ್ಲಿನ ಮೇಲೆ ಬಿಸಿ ಸೈಲೆನ್ಸರಿನ ಬೈಕನ್ನು ಎಂದೂ ನಿಲ್ಲಿಸಬಾರದು, ಒಂದು ಕುಟುಂಬದ ವರ್ಷದ ಬೆಳೆಗೆ ಬೆಂಕಿ ಬೀಳಬಹುದು.

ಏಳನೆಯ ಹಂತ: ಊರುಗಳಲ್ಲಿ

ಈ ದಾರಿಯ ಊರುಗಳನ್ನು ನೀರಿನ ಜಾಡಿನಲ್ಲಿ ನೋಡುವುದು ನನಗೆ ಇಷ್ಟ. ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ ಇದೆ. ನಾಲ್ಕೂ ಕಡೆ ಮೆಟ್ಟಿಲಿಳಿದ ಕೊಳದ ನಡುವೆ ವಸಂತ ಮಂಟಪ ನೀರಿನ ಮೇಲೆ ನಿಂತಿರುತ್ತದೆ. ಎಂಟು ಗಂಟೆಗೆ ಅಲ್ಲಿದ್ದರೆ ಎಳೆಬಿಸಿಲಲ್ಲಿ ಮಂಟಪದ ನೆರಳು ನೀರಿನಲ್ಲಿ ಕಾಣುತ್ತದೆ. ತಿಂಡಿಯನ್ನು ಊರಿನ ಸಣ್ಣ ಹೋಟೆಲಿನಲ್ಲಿ ಮಾಡಿ. ಹದಿನಾಲ್ಕು ತಟ್ಟೆ ಇಡ್ಲಿ ಒಂದೇ ಸಲ ಕೇಳಿದರೆ ಅವರಿಗೆ ಕಷ್ಟವಾಗುತ್ತದೆ, ಹಿಂದಿನ ದಿನವೇ ಫೋನು ಮಾಡಿ ತಿಳಿಸುವುದು ಸೌಜನ್ಯ. ದಾವಣಗೆರೆಯ ಬೆಣ್ಣೆದೋಸೆ ತಿಂದು ಹೊರಡೋಣ ಎಂಬ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಹೊಟ್ಟೆ ಭಾರವಾಗಿ ಬೈಕಿನ ಮೇಲೆ ತೂಕಡಿಕೆ ಬರುವುದರಿಂದ ನಾವು ಅದನ್ನು ವಾಪಸು ಬಂದ ಮೇಲೆ ತಿನ್ನುತ್ತೇವೆ.

ಸೂಳೆಕೆರೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಕೆರೆ. ಕಟ್ಟಿಸಿದವಳು ಶಾಂತವ್ವ ಎಂದು ಜನ ನೆನೆಯುತ್ತಾರೆ, ಶಾಂತಿಸಾಗರ ಎಂಬ ಹೆಸರೂ ಅದಕ್ಕಿದೆ. ಸಿದ್ಧನ ನಾಲೆ, ಬಸವನ ನಾಲೆಗಳಲ್ಲಿ ಇಂದಿಗೂ ನೀರು ಹೊರಡುತ್ತದೆ, ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಯ ನೀರು ಹೋಗುತ್ತದೆ. ಏರಿಯ ಹತ್ತಿರ ರಸ್ತೆಯ ಮೇಲೆ ಬೈಕು ನಿಲ್ಲಿಸಿ ಫೋಟೊ ತೆಗೆಯಬೇಡಿ. ಜಾಗ ಸಿಕ್ಕ ಕಡೆ ಪೂರ್ತಿ ಕೆಳಗಿಳಿಸಿ, ಕಾಲು ಗಂಟೆ ನಡೆದು ನೋಡಿ.

ಚನ್ನಗಿರಿ ಅಡಿಕೆಯ ಊರು. ಅಡಿಕೆ ಕೊಯ್ಲಿನ ಕಾಲದಲ್ಲಿ ಮೂಟೆ ಹೇರಿದ ಗಾಡಿಗಳು ಯಾವ ಸಂದಿಯಿಂದಲಾದರೂ ಹೊರಬರುತ್ತವೆ. ಇಲ್ಲಿ ಚಹಾ, ಶೌಚಾಲಯ, ಬೈಕಿನ ಮೇಲೊಂದು ಕಣ್ಣು, ಇಷ್ಟಕ್ಕೆ ಅರ್ಧ ಗಂಟೆ. ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಶೌಚಾಲಯ ಇರುವ ಬಸ್ ನಿಲ್ದಾಣ ಮತ್ತು ಬಂಕುಗಳನ್ನು ಮೊದಲೇ ಗುರುತು ಹಾಕಿಕೊಂಡು ನಿಲುಗಡೆಗಳನ್ನು ಅದರಂತೆ ಜೋಡಿಸಿ. ಅವರೇ ಕೇಳಲಿ ಎಂದು ಕಾಯಬಾರದು.

ಹೊಳಲ್ಕೆರೆಗೆ ಹನ್ನೆರಡೂವರೆಗೆ ತಲುಪಿದರೆ ಚಾವಣಿಯಿಲ್ಲದೆ ಕೂತ ಬಯಲು ಗಣಪತಿಯನ್ನು ನೋಡಿ ಊಟ ಮುಗಿಸಬಹುದು. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಸಾಕು. ಊಟವಾದ ಮೇಲೆ ಅರ್ಧ ಗಂಟೆ ನೆರಳಿನಲ್ಲಿ ಕೂತು ಹೊರಡಿ.

ಚಿತ್ರದುರ್ಗದ ಕೋಟೆಯನ್ನು ಈ ದಿನಕ್ಕೆ ಸೇರಿಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಏಳು ಸುತ್ತು ಹತ್ತಿ, ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತು ನೋಡಿ ಇಳಿಯಲು ಅರ್ಧ ದಿನ ಬೇಕು. ಮಧ್ಯಾಹ್ನ ಬೂಟು ಹಾಕಿಕೊಂಡು ಹತ್ತಿ ಇಳಿದವರ ಕಾಲಿನಲ್ಲಿ ಹೆದ್ದಾರಿಗೆ ಬೇಕಾದ ಕಸುವು ಉಳಿಯುವುದಿಲ್ಲ. ಬದಲಿಗೆ ಊರ ಪಕ್ಕದ ಚಂದ್ರವಳ್ಳಿಗೆ ಹೋಗಿ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ಬೆಳಿಗ್ಗೆ ಕೊಳ, ಆಮೇಲೆ ಕೆರೆ, ಸಂಜೆಗೆ ಕೆರೆಯ ಶಾಸನ ಎಂದು ದಿನ ಒಂದೇ ಎಳೆಯಲ್ಲಿ ಸಾಗುತ್ತದೆ.

ಎಂಟನೆಯ ಹಂತ: ಬೈಕು ಕೆಟ್ಟರೆ, ಯಾರಾದರೂ ಬಿದ್ದರೆ

ಬೈಕು ಕೆಟ್ಟರೆ ಅದರ ಸವಾರರು ಮತ್ತು ಕೊನೆಯ ಸವಾರರು ಮಾತ್ರ ಅಲ್ಲಿ ನಿಲ್ಲಲಿ. ಉಳಿದವರು ಮುಂದಿನ ಊರಿನಲ್ಲಿ ಕಾಯಲಿ. ಹಗ್ಗ ಕಟ್ಟಿ ಬೈಕು ಎಳೆಯುವುದು ಬೇಡ. ದಾರಿಯಲ್ಲಿ ಹೋಗುವ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಗ್ಯಾರೇಜಿಗೆ ಒಯ್ಯುವುದು ಸುಲಭವೂ ಕ್ಷೇಮವೂ ಹೌದು.

ಯಾರಾದರೂ ಬಿದ್ದರೆ ಮೊದಲ ಕೆಲಸ ಇನ್ನೊಂದು ವಾಹನ ಅವರ ಮೇಲೆ ಬರದಂತೆ ತಡೆಯುವುದು. ಇಬ್ಬರು ಎರಡೂ ದಿಕ್ಕಿಗೆ ಐವತ್ತು ಹೆಜ್ಜೆ ಹಿಂದೆ ನಡೆದು ವಾಹನಗಳನ್ನು ನಿಧಾನಗೊಳಿಸಲಿ. ಒಬ್ಬರು 108ಕ್ಕೆ ಕರೆ ಮಾಡಿ ಹತ್ತಿರದ ಊರು, ಕಿಲೋಮೀಟರ್ ಕಲ್ಲಿನ ಸಂಖ್ಯೆ, ಗಾಯಗೊಂಡವರ ಸಂಖ್ಯೆ ಹೇಳಲಿ, ಪೊಲೀಸರಿಗೆ 112. ಉಸಿರಾಟ ಸರಿಯಾಗಿದ್ದರೆ ಹೆಲ್ಮೆಟ್ ತೆಗೆಯಬೇಡಿ, ಕುತ್ತಿಗೆ ಅಲುಗಾಡಿಸಬೇಡಿ, ನೀರು ಕುಡಿಸಬೇಡಿ. ರಕ್ತ ಸುರಿಯುವ ಜಾಗವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ದಾರಿಯಲ್ಲಿ ಬೇರೆ ಯಾರೋ ಬಿದ್ದಿರುವುದನ್ನು ಕಂಡರೂ ನಿಲ್ಲಿ. ನೆರವಾದವರನ್ನು ಕಾಡಬಾರದೆಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯೇ ರಕ್ಷಣೆ ಕೊಟ್ಟಿದೆ. ಹೊರಡುವ ಮೊದಲು ಪ್ರತಿಯೊಬ್ಬರ ರಕ್ತದ ಗುಂಪು, ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿಯನ್ನು ಮುಂದಾಳುವೂ ಕೊನೆಯ ಸವಾರರೂ ಇಟ್ಟುಕೊಂಡಿರಬೇಕು.

ಕೊನೆಯ ಹಂತ: ಹೆದ್ದಾರಿ, ಮನೆ, ಮರುದಿನ

ಹೆದ್ದಾರಿಯಲ್ಲಿ ಟೋಲ್ ಕಟ್ಟೆಗಳಲ್ಲಿ ಬೈಕಿಗೆ ಶುಲ್ಕವಿಲ್ಲ, ಆದರೂ ಅಲ್ಲಿ ನಿಧಾನವಾಗಿಯೇ ಹೋಗಿ. ಎಡ ಲೇನಿನಲ್ಲೇ ಇರಿ. ಇಲ್ಲಿ ಜಾಗವಿರುವುದರಿಂದ ಒಬ್ಬರು ಲೇನಿನ ಬಲ ಮಗ್ಗುಲು, ಮುಂದಿನವರು ಎಡ ಮಗ್ಗುಲು ಹಿಡಿದು ಓರೆಸಾಲಿನಲ್ಲಿ ಹೋಗಬಹುದು, ಎರಡು ಸೆಕೆಂಡಿನ ಲೆಕ್ಕ ಮಾತ್ರ ಬದಲಾಗದು. ಲಾರಿಯನ್ನು ದಾಟಿದ ಕೂಡಲೇ ಅದು ತಡೆದಿದ್ದ ಗಾಳಿ ಪಕ್ಕದಿಂದ ಒಮ್ಮೆಲೇ ಬಡಿಯುತ್ತದೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯದೆ, ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದರೆ ಬೈಕು ನೆಟ್ಟಗೆ ಹೋಗುತ್ತದೆ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನಗಳನ್ನು ನಿರೀಕ್ಷಿಸಿಯೇ ಇಳಿಯಿರಿ. ಭರಮಸಾಗರದಲ್ಲಿ ಹತ್ತು ನಿಮಿಷ ನಿಂತು ಮುಖ ತೊಳೆದುಕೊಳ್ಳುವುದು ನಮ್ಮ ರೂಢಿ, ದಿನದ ಕೊನೆಯ ಅರ್ಧ ಗಂಟೆಯಲ್ಲೇ ಕಣ್ಣು ಹೆಚ್ಚು ಎಳೆಯುತ್ತದೆ.

ನಗರಕ್ಕೆ ಬಂದ ಮೇಲೆ ಎಲ್ಲರೂ ಒಂದು ಕಡೆ ನಿಂತು, ಖರ್ಚಿನ ಲೆಕ್ಕ ಮುಗಿಸಿ, ಅಲ್ಲಿಂದ ಬಿಡಿಬಿಡಿಯಾಗಿ ಮನೆಗೆ ಹೋಗಿ. ಮನೆ ತಲುಪಿದವರು ಗುಂಪಿಗೆ ಒಂದು ಸಂದೇಶ ಹಾಕಬೇಕು. ಕೊನೆಯ ಸವಾರರು ಏಳನೆಯ ಸಂದೇಶ ಬರುವ ತನಕ ಫೋನು ಕೆಳಗಿಡುವುದಿಲ್ಲ. ಮರುದಿನ ಬೆಳಿಗ್ಗೆ ಇರುಸಿಗೆ ಸುತ್ತಿದ ಹುಲ್ಲನ್ನು ಪೂರ್ತಿ ಕಿತ್ತು, ಚೈನನ್ನು ಬಟ್ಟೆಯಿಂದ ಒರೆಸಿ ಎಣ್ಣೆ ಹಾಕಿ, ದಾರಿಯಲ್ಲಿ ಬಳಸಿದ ಕೇಬಲ್ಲೋ ಟ್ಯೂಬೋ ಇದ್ದರೆ ಹೊಸದನ್ನು ತಂದು ಚೀಲಕ್ಕೆ ಹಾಕಿಡಿ.